ಸಹಿ ಕೇಳದೆ ಗ್ಯಾಂಗ್‌ವೇ ಹತ್ತಿ ಬರುವವರು

ಹಡಗನ್ನು ಬರ್ತಿಗೆ, ಅಂದರೆ ಬಂದರಿನ ಕಟ್ಟೆಗೆ, ಕಟ್ಟಿ ಗ್ಯಾಂಗ್‌ವೇ ಅನ್ನುವ ಏಣಿ ಇಳಿಸಿದ ಕೂಡಲೇ ಮೇಲೆ ಹತ್ತಿ ಬರುವವರ ಒಂದು ಮೆರವಣಿಗೆಯೇ ಇರುತ್ತದೆ. ಏಜೆಂಟ್, ಇಮಿಗ್ರೇಷನ್, ಕಸ್ಟಮ್ಸ್, ಸರ್ವೇಯರ್, ಸ್ಟೋರ್ ಸಪ್ಲೈ ಮಾಡುವವರು, ಕೆಲವು ಸಲ ಹಡಗು ನಿಯಮದ ಪ್ರಕಾರ ಇದೆಯಾ ಅಂತ ನೋಡುವ ಪೋರ್ಟ್ ಸ್ಟೇಟ್ ಕಂಟ್ರೋಲ್ ಇನ್ಸ್‌ಪೆಕ್ಟರ್. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಾಗದ. ಎಲ್ಲರಿಗೂ ಸಹಿ ಬೇಕು, ಸ್ಟಾಂಪ್ ಬೇಕು, ಇಲ್ಲದಿದ್ದರೆ ನಮ್ಮದೊಂದು ತಪ್ಪಾದರೂ ಬೇಕು. ಇವರೆಲ್ಲ ಬಂದಾದ ಮೇಲೆ ಕೆಲವು ಬಂದರುಗಳಲ್ಲಿ ಇನ್ನೊಬ್ಬರು ಬರುತ್ತಾರೆ. ಸಾಮಾನ್ಯವಾಗಿ ಸ್ವಲ್ಪ ವಯಸ್ಸಾದವರು. ಹೆಲ್ಮೆಟ್ಟು, ಹೊಳೆಯುವ ಜಾಕೆಟ್ಟು, ಹೆಗಲಿಗೊಂದು ಬ್ಯಾಗು. ಏದುಸಿರು ಬಿಡುತ್ತಾ ನಾವು ಊಟ ಮಾಡುವ ಮೆಸ್‌ರೂಮಿಗೆ ಬಂದು ಕೂತು, "ಎಲ್ಲರೂ ಹೇಗಿದ್ದೀರಿ? ಸಿಮ್ ಬೇಕಾ? ಪೇಟೆಗೆ ಹೋಗೋದಿದೆಯಾ? ಕೆಳಗೆ ವ್ಯಾನ್ ಇದೆ" ಅಂತ ಕೇಳುತ್ತಾರೆ. ಅಷ್ಟೇ. ಸಹಿ ಗಿಹಿ ಏನಿಲ್ಲ.

ಇವರನ್ನು ನಾವು ಶಿಪ್ ವಿಸಿಟರ್ ಅನ್ನುತ್ತಿದ್ದೆವು. ಪಾದ್ರಿಗಳಾದರೆ ಫಾದರ್. ಸ್ಟೆಲ್ಲಾ ಮಾರಿಸ್ ಅನ್ನುವ ಕ್ಯಾಥೊಲಿಕ್ ಸಂಸ್ಥೆಯವರು. ನಾನು ಕೆಲವು ವರ್ಷ ಕಾರ್ಗೋ ಹಡಗುಗಳಲ್ಲಿ ಏಬಿ, ಅಂದರೆ ಡೆಕ್ಕಿನ ನಾವಿಕ, ಆಗಿದ್ದೆ, ಈಗ ಬಿಟ್ಟು ಊರಲ್ಲೇ ಇದ್ದೇನೆ. ನಮ್ಮದು ಮೊಗವೀರರ ಮನೆ, ಉಚ್ಚಿಲದ ಮಹಾಲಕ್ಷ್ಮಿಗೆ ನಡೆದುಕೊಳ್ಳುವವರು. ಚರ್ಚಿನ ವಿಷಯ ನೀನ್ಯಾಕೆ ಬರೆಯುತ್ತೀಯ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಅವರ ವ್ಯಾನಿನಲ್ಲಿ ನಾನೂ ಕೂತಿದ್ದೇನೆ.

ವ್ಯಾನ್ ಅಂದರೆ ಏನು ಮಹಾ ಅಂತ ದಡದಲ್ಲಿರುವವರಿಗೆ ಅನಿಸಬಹುದು. ದೊಡ್ಡ ಬಂದರುಗಳಲ್ಲಿ ಬರ್ತಿನಿಂದ ಗೇಟಿಗೇ ಎಷ್ಟೋ ಕಿಲೋಮೀಟರ್ ಇರುತ್ತದೆ, ಒಳಗೆ ನಡೆಯಲು ಬಿಡುವುದಿಲ್ಲ. ಟ್ಯಾಕ್ಸಿಯವನು ಕೇಳಿದ ದುಡ್ಡು ಕೊಟ್ಟರೆ ಮನೆಗೆ ಕಳಿಸುವುದಕ್ಕೆ ಏನೂ ಉಳಿಯುವುದಿಲ್ಲ. ಕಂಟೇನರ್ ಹಡಗಾದರೆ ಒಂದು ದಿನ ತುಂಬುವುದರೊಳಗೆ ಲೋಡ್ ಮುಗಿದು ಹೊರಡುವ ಹೊತ್ತಾಗಿರುತ್ತದೆ, ಅದರಲ್ಲಿ ನಮ್ಮ ವಾಚ್, ಅಂದರೆ ಡ್ಯೂಟಿಯ ಪಾಳಿ, ಕಳೆದು, ನಿದ್ದೆ ಕಳೆದು, ಸಿಗುವುದು ಎರಡು ಮೂರು ಗಂಟೆ. ಆ ಎರಡು ಗಂಟೆಯಲ್ಲಿ ಒಬ್ಬನಿಗೆ ಮಗಳಿಗೆ ಚಾಕಲೇಟ್ ತಗೋಬೇಕು, ಇನ್ನೊಬ್ಬನಿಗೆ ಹಲ್ಲುನೋವಿನ ಮಾತ್ರೆ, ಮತ್ತೊಬ್ಬನಿಗೆ ಸುಮ್ನೆ ಅಲುಗಾಡದ ನೆಲದ ಮೇಲೆ ನಿಂತು ಯಾವುದಾದರೂ ಮರ ನೋಡಬೇಕು. ವ್ಯಾನ್ ಇಲ್ಲದಿದ್ದರೆ ಇದ್ಯಾವುದೂ ಇಲ್ಲ.

ನನ್ನ ಜೊತೆ ಒಂದು ಹಡಗಿನಲ್ಲಿ ಮಂಗಳೂರು ಕಡೆಯ ಒಬ್ಬರು ಚೀಫ್ ಕುಕ್ ಇದ್ದರು. ಕ್ಯಾಥೊಲಿಕರು. ನಮ್ಮ ಕಡೆ ತುಳುವಿನಲ್ಲಿ ಕ್ಯಾಥೊಲಿಕರನ್ನು ಕರೆಯುವ ಹಾಗೆ ನಾನು "ಪೊರ್ಬುಲೇ" ಅಂತಲೇ ಕರೆಯುತ್ತಿದ್ದೆ. ಅಟ್ಲಾಂಟಿಕ್ ನಡುವೆ ಇದ್ದಾಗ ಅವರ ತಾಯಿ ತೀರಿಕೊಂಡ ಸುದ್ದಿ ಬಂತು. ಹಡಗು ತಿರುಗಿಸುವ ಹಾಗಿಲ್ಲ, ಬಂದರು ಮುಟ್ಟುವಾಗ ಊರಿನಲ್ಲಿ ಮಣ್ಣು ಮಾಡಿ ದಿನಗಳೇ ಕಳೆದಿದ್ದವು. ಇಷ್ಟಾದರೂ ಅವರು ಒಂದು ಹೊತ್ತಿನ ಅಡಿಗೆ ತಪ್ಪಿಸಲಿಲ್ಲ. "ಮನೆಯಲ್ಲಿದ್ದರೆ ಅಳಬಹುದಿತ್ತು ಮಾರಾಯ, ಇಲ್ಲಿ ಇಷ್ಟು ಜನರಿಗೆ ಊಟ ಯಾರು ಹಾಕ್ತಾರೆ" ಅಂದರು. ಬೆಲ್ಜಿಯಮ್ಮಿನ ಆಂಟ್‌ವೆರ್ಪಿನಲ್ಲಿ ಕಟ್ಟಿದಾಗ ಹತ್ತಿ ಬಂದ ಫಾದರ್‌ಗೆ ನಮ್ಮ ಬೋಸನ್, ಅಂದರೆ ಡೆಕ್ಕಿನವರ ಮೇಸ್ತ್ರಿ, ಮೆಲ್ಲಗೆ ವಿಷಯ ಹೇಳಿದ. ಅವರು ತಕ್ಷಣ ಏನೂ ಮಾತಾಡಲಿಲ್ಲ. ಕೆಳಗೆ ಹೋಗಿ ವ್ಯಾನಿನಿಂದ ಒಂದು ಸಣ್ಣ ಪೆಟ್ಟಿಗೆ ತಂದರು. ಕ್ರೂ ಮೆಸ್ಸಿನ ಟೇಬಲ್ ಮೇಲಿದ್ದ ಸಾಸ್ ಬಾಟಲು, ಉಪ್ಪಿನಕಾಯಿ ಡಬ್ಬಿ ಎಲ್ಲ ಒಂದು ಬದಿಗೆ ಸರಿಸಿ ಬಿಳಿ ಬಟ್ಟೆ ಹಾಸಿ ಅಲ್ಲೇ ಪೂಜೆ ಮಾಡಿದರು. ನಾಲ್ಕೈದು ಜನ ಫಿಲಿಪಿನೋಗಳು ಹಾಡಿದರು, ಅವರು ಹೇಗಿದ್ದರೂ ಚೆನ್ನಾಗಿಯೇ ಹಾಡುತ್ತಾರೆ. ರತ್ನಾಗಿರಿಯ ಮುಸ್ಲಿಂ ಆಯಿಲರ್ ಒಬ್ಬ ಇಂಜಿನ್ ರೂಮಿನ ಬಾಯ್ಲರ್ ಸೂಟಿನಲ್ಲೇ ಬಂದು ಬಾಗಿಲ ಹತ್ತಿರ ನಿಂತಿದ್ದ. ನಾನೂ ನಿಂತಿದ್ದೆ. ಪೊರ್ಬುಲು ಅವತ್ತು ಮೊದಲ ಸಲ ಅತ್ತರು. ರಾತ್ರಿ ಊಟಕ್ಕೆ ಮೊಟ್ಟೆ ಸಾರು ಒಂದೇ ಇತ್ತು, ಯಾರೂ ಕಮಕ್ ಕಿಮಕ್ ಅನ್ನಲಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಮತಾಂತರ ಮಾಡ್ತಾರಾ? ನಮ್ಮ ಪಕ್ಕದ ಮನೆ ಹುಡುಗ ಈಗ ಮೊದಲ ಹಡಗಿಗೆ ಹೋಗುವವನಿದ್ದಾನೆ, ಅವನ ಅಮ್ಮನೂ ಇದನ್ನೇ ಕೇಳಿದರು. ನಾನು ಕಂಡ ಮಟ್ಟಿಗೆ ಮೆಸ್‌ರೂಮಿನ ಮೂಲೆಯಲ್ಲಿ ಜಪಮಾಲೆ, ಪುಟ್ಟ ಬೈಬಲ್, ಹಳೆ ಮ್ಯಾಗಜಿನ್ ಇಟ್ಟು ಹೋಗುತ್ತಾರೆ, ಬೇಕಾದವರು ತಗೊಳ್ಳಬಹುದು. ನನ್ನ ದೇವರು ಯಾರು ಅಂತ ಯಾರೂ ಒಂದು ದಿನವೂ ಕೇಳಲಿಲ್ಲ. ಎರಡು ಗಂಟೆಯ ಶೋರ್ ಲೀವಿನಲ್ಲಿ ಶಾಂಪೂ ತಗೊಂಡು ಬರುವುದೇ ಕಷ್ಟ ಅಕ್ಕ, ಧರ್ಮ ಬದಲಾಯಿಸುವುದಕ್ಕೆ ಪುರುಸೊತ್ತು ಎಲ್ಲಿ ಅಂದೆ. ಅವರು ನಕ್ಕರು, ಆದರೆ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಈ ಸಂಸ್ಥೆ ಶುರುವಾದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, 1920ರ ಅಕ್ಟೋಬರ್ 4ರಂದು. ಪೀಟರ್ ಆನ್ಸನ್ ಅಂತ ಒಬ್ಬರು, ಕೆಲವು ಕಾಲ ಮಠದಲ್ಲಿದ್ದವರು, ದೋಣಿ ಹಡಗುಗಳ ಚಿತ್ರ ಬರೆಯುವ ಹುಚ್ಚಿದ್ದವರು. ಅವರ ಜೊತೆ ಆರ್ಥರ್ ಗ್ಯಾನನ್ ಮತ್ತು ಜೆಸ್ವಿಟ್ ಬ್ರದರ್ ಡೇನಿಯಲ್ ಶೀಲ್ಡ್ಸ್. ಆಗ ಇಟ್ಟ ಹೆಸರು ಅಪೋಸಲ್‌ಶಿಪ್ ಆಫ್ ದ ಸೀ. ಲಾಂಛನದಲ್ಲಿ ಲಂಗರು, ಲೈಫ್‌ಬಾಯ್, ನಡುವೆ ಯೇಸುವಿನ ಹೃದಯ. 1922ರಲ್ಲಿ ಪೋಪ್ ಹನ್ನೊಂದನೇ ಪಯಸ್ ಒಪ್ಪಿಗೆ ಕೊಟ್ಟರು. ನೂರು ವರ್ಷ ತುಂಬಿದಾಗ ಎಲ್ಲ ಕಡೆ ಸ್ಟೆಲ್ಲಾ ಮಾರಿಸ್ ಅಂತ ಒಂದೇ ಹೆಸರು ಮಾಡಿಕೊಂಡರು. ನನಗೆ ಇಷ್ಟವಾದ ಸಂಗತಿ 1997ರದ್ದು. ಆ ವರ್ಷ ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ ಆದೇಶದಲ್ಲಿ, ಕ್ಯಾಥೊಲಿಕರು ಈಸ್ಟರ್ ಹೊತ್ತಿಗೆ ತಗೊಳ್ಳಲೇಬೇಕಾದ ಪರಮಪ್ರಸಾದವನ್ನು ಸಮುದ್ರದ ಜನ ವರ್ಷದಲ್ಲಿ ಯಾವಾಗ ಬೇಕಾದರೂ ತಗೊಳ್ಳಬಹುದು ಅಂತ ಬರೆದಿದೆ. ರೋಮಿನಲ್ಲಿ ಕೂತವರಿಗೂ ಹಡಗಿನವನ ಕ್ಯಾಲೆಂಡರ್ ಬೇರೆ ಅಂತ ಗೊತ್ತಿತ್ತು ಅನ್ನಿ. ಆಂಗ್ಲಿಕನ್ನರ ಮಿಷನ್ ಟು ಸೀಫೇರರ್ಸ್ ಇನ್ನೂ ಹಳೆಯದು, 1856ರದ್ದು, ಅವರೂ ಬರುತ್ತಾರೆ. ಮೆಸ್ಸಿನಲ್ಲಿ ಕೂತ ನಮಗೆ ಯಾರು ಯಾವ ಪಂಗಡ ಅಂತ ತಿಳಿಯುತ್ತಲೂ ಇರಲಿಲ್ಲ.

ಅಮೆರಿಕದ ಬಾಲ್ಟಿಮೋರ್ ಸೇತುವೆ ನೆನಪಿದೆಯಲ್ಲ? 2024ರ ಮಾರ್ಚ್ 26ರ ನಸುಕಿನಲ್ಲಿ ಡಾಲಿ ಅನ್ನುವ ಹಡಗು ಕರೆಂಟು ಹೋಗಿ ಬಡಿದು ಸೇತುವೆಯೇ ಬಿತ್ತು. ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ ಆರು ಜನ ಕೂಲಿ ಕೆಲಸದವರು ಸತ್ತರು. ಹಡಗಿನಲ್ಲಿದ್ದ 21 ಜನರಲ್ಲಿ 20 ಜನ ನಮ್ಮವರು, ಒಬ್ಬ ಶ್ರೀಲಂಕಾದವನು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಭಾರತೀಯ ಸಿಬ್ಬಂದಿಯ ಬಗ್ಗೆ ಎರಡು ದಿನ ಹೆಮ್ಮೆ, ಎರಡು ದಿನ ಸಿಟ್ಟು, ಆಮೇಲೆ ಎಲ್ಲರೂ ಮರೆತರು. ಆದರೆ ಹಡಗಿನವರು ಇನ್ನೂ ಇಳಿದಿರಲಿಲ್ಲ. ವೀಸಾ ಇರಲಿಲ್ಲ, ದಡಕ್ಕಿಳಿಯುವ ಶೋರ್ ಪಾಸ್ ಇರಲಿಲ್ಲ, ತನಿಖೆ ನಡೆಯುತ್ತಿತ್ತು. ಎಫ್‌ಬಿಐ ಅವರ ಫೋನುಗಳನ್ನೂ ತಗೊಂಡು ಹೋಯಿತು. ಫೋನು ಹೋಯಿತು ಅಂದರೆ ಮನೆಯ ನಂಬರ್ ಹೋಯಿತು, ಬ್ಯಾಂಕ್ ಹೋಯಿತು, ಸಾಲದ ಕಂತು ಕಟ್ಟುವ ದಾರಿ ಹೋಯಿತು. ಮೇ 13ರಂದು ಸೇತುವೆಯ ತುಂಡನ್ನು ಸಿಡಿಮದ್ದು ಇಟ್ಟು ಕತ್ತರಿಸುವಾಗಲೂ ಅವರನ್ನು ಹಡಗಿನ ಒಳಗೇ ಇಟ್ಟಿದ್ದರು. ಆ ಹೊತ್ತಿಗೆ ಅವರನ್ನು ವಿಚಾರಿಸಿಕೊಂಡವರಲ್ಲಿ ಬಾಲ್ಟಿಮೋರಿನ ಕ್ಯಾಥೊಲಿಕ್ ಶಿಪ್ ವಿಸಿಟರ್‌ಗಳು, ಅಲ್ಲಿನ ಸೀಫೇರರ್ಸ್ ಸೆಂಟರಿನವರು ಮುಂದಿದ್ದರು. ಸಿಮ್ ಕಾರ್ಡ್, ಬದಲಿ ಫೋನು ಸಿಕ್ಕಿತು. ಊರಿನ ಜನ ಕೈಯಲ್ಲಿ ಹೊಲಿದ ಕೌದಿ, ನಮ್ಮ ಕಡೆಯ ಕುರುಕಲು ತಿಂಡಿ ಕಳಿಸಿದರು. ಅವರಿಗೆ ಸೇತುವೆ ಹೋಗಿತ್ತು, ಕೆಲಸಗಳು ಹೋಗಿದ್ದವು, ಆದರೂ ಕಳಿಸಿದರು.

ಡಾಲಿಗೆ ಮಾಲೀಕರಾದರೂ ಇದ್ದರು. ಮಾಲೀಕನೇ ಕೈಬಿಟ್ಟು ಓಡಿಹೋದ ಹಡಗುಗಳ ಕಥೆ ಬೇರೆ. ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ 2006ರಲ್ಲಿ ಆಗಿ 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಸೇರಿತು. ಎರಡು ತಿಂಗಳು ಸಂಬಳ ಬರದಿದ್ದರೆ ಹಡಗಿನವರನ್ನು ಕೈಬಿಟ್ಟ ಹಾಗೆ ಲೆಕ್ಕ, ನಾಲ್ಕು ತಿಂಗಳವರೆಗಿನ ಬಾಕಿಗೆ ವಿಮೆ ಇರಬೇಕು ಅಂತೆಲ್ಲ ಈಗ ನಿಯಮ ಇದೆ. ಆದರೂ ಕಾರ್ಮಿಕ ಸಂಘಟನೆ ಐಟಿಎಫ್‌ನ ಲೆಕ್ಕದಲ್ಲಿ 2024ರಲ್ಲಿ 3,000ಕ್ಕೂ ಜಾಸ್ತಿ ಜನರನ್ನು ಹೀಗೆ ಬಿಟ್ಟುಹೋದರು, ಅದರಲ್ಲಿ ಭಾರತೀಯರೇ ಜಾಸ್ತಿ. ಬಿಟ್ಟು ಬರಬಾರದಾ ಅಂತ ಕೇಳಬೇಡಿ. ಇಳಿದರೆ ಸಂಬಳದ ಆಸೆ ಬಿಟ್ಟ ಹಾಗೆ, ಮೇಲಾಗಿ ಜನ ಇಲ್ಲದ ಹಡಗು ಬಂದರಿಗೆ ಅಪಾಯ ಅಂತ ಅಧಿಕಾರಿಗಳೇ ಬಿಡುವುದಿಲ್ಲ. ಈಜಿಪ್ಟಿನಲ್ಲಿ ಕೋರ್ಟು ಒಬ್ಬ ಸಿರಿಯಾದ ನಾವಿಕನನ್ನೇ ಹಡಗಿನ ಕಾವಲುದಾರ ಅಂತ ಮಾಡಿಬಿಟ್ಟಿತ್ತು. 2017ರಿಂದ 2021ರವರೆಗೆ ಅವನು ಆ ಹಡಗಿಗೇ ಕಟ್ಟಿಬಿದ್ದ. ಕೊನೆಕೊನೆಗೆ ಒಬ್ಬನೇ ಇದ್ದು, ಫೋನ್ ಚಾರ್ಜ್ ಮಾಡಲು, ಊಟ ತರಲು ಈಜಿಕೊಂಡು ದಡಕ್ಕೆ ಬರುತ್ತಿದ್ದ. ಇಂಥ ಹಡಗುಗಳಿಗೆ ನೀರು, ಅಕ್ಕಿ ಹೊತ್ತು ಹೋಗುವವರ ಪಟ್ಟಿಯಲ್ಲಿ ಈ ಫಾದರ್‌ಗಳೂ ಐಟಿಎಫ್‌ನವರೂ ಪದೇ ಪದೇ ಇರುತ್ತಾರೆ. ಸಂಬಳ ಕೊಡಿಸಲು ಫಾದರ್‌ಗೆ ಅಧಿಕಾರ ಇಲ್ಲ. ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರುತ್ತದೆ, ಕಂಪನಿಗೆ ಹೆದರದೆ ಮಾಡಲು ಅವರಿಗೆ ಆಗುತ್ತದೆ, ನಮಗೆ ಆಗುವುದಿಲ್ಲ.

ಈಗ ಹಡಗಿನಲ್ಲೇ ವೈಫೈ ಬಂದಿದೆ, ಇವರ ಅಗತ್ಯ ಕಡಿಮೆ ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ವೈಫೈ ಬಂದ ಮೇಲೆ ಮೆಸ್‌ರೂಮ್ ಖಾಲಿ. ಎಲ್ಲರೂ ಕ್ಯಾಬಿನ್ ಬಾಗಿಲು ಹಾಕಿಕೊಂಡು ಮನೆಯ ಜಗಳವನ್ನೂ ಲೈವ್ ಆಗಿ ನೋಡುತ್ತಾರೆ, ಮಾಡುವುದಕ್ಕೆ ಏನೂ ಆಗುವುದಿಲ್ಲ. ಮೊದಲು ಕೆಟ್ಟ ಸುದ್ದಿ ತಡವಾಗಿ ಬರುತ್ತಿತ್ತು, ಈಗ ವಾಚಿನ ಮಧ್ಯೆ ಬರುತ್ತದೆ. ಎದುರಿಗೆ ಕೂತು ಮುಖ ನೋಡಿ "ಯಾಕೆ ಸಪ್ಪಗಿದ್ದೀಯ" ಅಂತ ಕೇಳುವ ಹೊರಗಿನವರು ಆಗಲೂ ಇವರೊಬ್ಬರೇ, ಈಗಲೂ ಇವರೊಬ್ಬರೇ. ಕಷ್ಟ ಇರುವುದು ಇವರು ಒಳಗೆ ಬರುವುದರಲ್ಲಿ. 2004ರಲ್ಲಿ ಹಡಗು, ಬಂದರುಗಳಿಗೆ ಐಎಸ್‌ಪಿಎಸ್ ಅನ್ನುವ ಅಂತರರಾಷ್ಟ್ರೀಯ ಭದ್ರತಾ ನಿಯಮ ಬಂದ ಮೇಲೆ ಬೇಲಿ, ಪಾಸು, ಎಸ್ಕಾರ್ಟು ಎಲ್ಲ ಜಾಸ್ತಿಯಾಯಿತು. ಅಮೆರಿಕದಲ್ಲಿ ಕೆಲವು ಟರ್ಮಿನಲ್‌ಗಳು ಗೇಟಿನವರೆಗೆ ಕರೆದೊಯ್ಯಲೂ ದುಡ್ಡು ಕೇಳುತ್ತಿದ್ದವು. ಕೊನೆಗೆ ಕೋಸ್ಟ್ ಗಾರ್ಡ್ 2019ರಲ್ಲಿ ನಿಯಮವನ್ನೇ ಮಾಡಿ, ನಾವಿಕರಿಗೂ ಇವರಿಗೂ ಓಡಾಟ ಪುಕ್ಕಟೆ ಇರಬೇಕು ಅಂದಿತು.

ನಮ್ಮ ಕರಾವಳಿಯ ಬಗ್ಗೆ ಒಂದು ಮಾತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರೊಂದಿಗೆ ಕಾಣೆಯಾದಾಗ ಮೀನುಗಾರರೆಲ್ಲ ರಸ್ತೆಗಿಳಿದರು. ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ. ಅಷ್ಟು ದಿನವೂ ಆ ಮನೆಗಳ ಜೊತೆ ಊರು ಇತ್ತು, ಏಕೆಂದರೆ ಮೀನು ಬೋಟಿನಲ್ಲಿ ಹೋಗುವವರು ಒಂದೇ ಕೇರಿಯವರು, ಒಂದೇ ನೆಂಟರು. ಫಾರಿನ್ ಹಡಗಿನವನದು ಹಾಗಲ್ಲ. ಕಿನ್ನಿಗೋಳಿಯಲ್ಲಿ ಒಬ್ಬ, ಕುಂದಾಪುರದಲ್ಲಿ ಒಬ್ಬ, ಅವನ ಹಡಗಿನ ಉಳಿದವರು ಮನಿಲಾದಲ್ಲಿ, ಒಡೆಸ್ಸಾದಲ್ಲಿ. ಅವನು ಸಿಕ್ಕಿಬಿದ್ದರೆ ರಸ್ತೆಗಿಳಿಯಲು ಅವನ ಹೆಂಡತಿ, ಅಮ್ಮ ಇಬ್ಬರೇ. ಊರಿನವರ ಲೆಕ್ಕದಲ್ಲಿ ಅವನು ಡಾಲರ್ ದುಡಿಯುವವನು. ದೇವಸ್ಥಾನದ ಬ್ರಹ್ಮಕಲಶವಾಗಲಿ, ಚರ್ಚಿನ ಹಬ್ಬವಾಗಲಿ, ರಸೀದಿ ಪುಸ್ತಕ ಮೊದಲು ಅವನ ಮನೆಗೇ ಬರುತ್ತದೆ. ಜುಲೈ ತಿಂಗಳ ಎರಡನೇ ಭಾನುವಾರ ಕ್ಯಾಥೊಲಿಕರು ಸೀ ಸಂಡೇ ಆಚರಿಸುತ್ತಾರೆ. ನಮ್ಮಲ್ಲಿ ಆಗ ಜಡಿಮಳೆ, ಮೀನುಗಾರಿಕೆ ನಿಷೇಧ, ಬೋಟೆಲ್ಲ ದಕ್ಕೆಯಲ್ಲಿ, ಜನರಿಗೆ ಬಿಡುವು. ಪೊರ್ಬುಲು ಹೇಳುವ ಪ್ರಕಾರ ಅವರ ಚರ್ಚಿನಲ್ಲಿ ಅವತ್ತು ಒಂದು ಸಾಲಿನ ಪ್ರಾರ್ಥನೆ ಆಗುತ್ತದೆ. ಹಡಗಿನವರ ಮನೆಗಳಿಗೆ ಒಂದು ಸುತ್ತು ಹೋಗಿ ಬಂದರೆ ಏನಾಗುತ್ತಿತ್ತು ಅಂತ ಅವರಿಗೇ ಬೇಜಾರಿದೆ. ನಮ್ಮ ದೇವಸ್ಥಾನಗಳ ಕಡೆ ಅಷ್ಟೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಪಕ್ಕದ ಮನೆ ಹುಡುಗನಿಗೆ ನಾನು ಹೇಳಿದ್ದು ಎರಡೇ. ಕಾಂಟ್ರಾಕ್ಟಿನ ಒಂದು ಪ್ರತಿಯನ್ನು ಅಮ್ಮನ ಕೈಯಲ್ಲಿ ಕೊಟ್ಟು ಹೋಗು. ಆಮೇಲೆ, ಮೆಸ್‌ರೂಮಿಗೆ ಬಂದವರು "ಏನಾದರೂ ಬೇಕಾ" ಅಂತ ಕೇಳಿದಾಗ ನಮ್ಮೂರಿನವರ ಹಾಗೆ ನಾಚಿಕೊಂಡು "ಏನೂ ಬೇಡ" ಅನ್ನಬೇಡ. ಬೇಕಾದ್ದನ್ನು ಕೇಳು. ಅವರು ಅಷ್ಟು ಮೆಟ್ಟಿಲು ಹತ್ತಿ ಬಂದಿರುವುದು ಅದಕ್ಕೇ.