ಸ್ಟೂಲಿದ್ದರೂ ನಿಂತೇ ಇರುವವರು

ಕಾಸರಗೋಡು, 2024 ಅಕ್ಟೋಬರ್ 22, ಮಂಗಳವಾರ

ಕೆಲಸದ ಜಾಗದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಕಲಿಸುವ ಸಾಂಸ್ಥಿಕ ವರ್ತನೆಯ ತರಗತಿಯಲ್ಲಿ ಇಂದು ಹಾಥಾರ್ನ್ ಅಧ್ಯಯನಗಳ ಕೊನೆಯ ಭಾಗವನ್ನು ಟೀಚರ್ ಮುಗಿಸಿದರು. ಷಿಕಾಗೋ ಸಮೀಪದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1931-32ರಲ್ಲಿ 14 ಮಂದಿ ಕೆಲಸಗಾರರನ್ನು ಪ್ರತ್ಯೇಕ ಕೋಣೆಯಲ್ಲಿರಿಸಿ, ಟೆಲಿಫೋನ್ ಉಪಕರಣಗಳಿಗೆ ತಂತಿ ಜೋಡಿಸುವ ಅವರ ಕೆಲಸವನ್ನು ತಿಂಗಳುಗಟ್ಟಲೆ ಗಮನಿಸಲಾಯಿತು. ಗುಂಪಿನ ಉತ್ಪಾದನೆ ಹೆಚ್ಚಿದರೆ ಕೂಲಿಯೂ ಹೆಚ್ಚುವ ಏರ್ಪಾಡಿದ್ದರೂ ದಿನಕ್ಕೆ ಇಷ್ಟು ಸಾಕೆಂದು ಅವರು ತಮ್ಮೊಳಗೇ ಗೊತ್ತುಮಾಡಿಕೊಂಡಿದ್ದರು. ಅದನ್ನು ಮೀರಿದವನ ತೋಳಿಗೆ ಜೊತೆಯವರಿಂದ ಒಂದು ಗುದ್ದು ಬೀಳುತ್ತಿತ್ತು. ಯಾರೂ ಬರೆದಿಡದ ಇಂಥ ಕಟ್ಟುಪಾಡು ಎಷ್ಟು ಗಟ್ಟಿಯಾಗಿರುತ್ತದೆ ಎಂಬುದು ನನ್ನ ಪ್ರಾಜೆಕ್ಟಿನ ಕೆಲಸಕ್ಕಾಗಿ ಪೇಟೆಯ ಜವಳಿ ಅಂಗಡಿಯೊಂದಕ್ಕೆ ಹೋದಾಗ ಇನ್ನಷ್ಟು ಸ್ಪಷ್ಟವಾಯಿತು.

ದೀಪಾವಳಿ ಹತ್ತಿರವಾಗಿರುವುದರಿಂದ ಅಲ್ಲಿ ಜನಸಂದಣಿಯಿತ್ತು. ಸೀರೆ ವಿಭಾಗದ ಕೌಂಟರಿನ ಹಿಂದೆ ಪ್ಲಾಸ್ಟಿಕ್ ಸ್ಟೂಲುಗಳಿದ್ದವು. ಒಂದರ ಮೇಲೆ ಬಿಚ್ಚಿ ತೋರಿಸಿದ ಸೀರೆಗಳ ರಾಶಿ, ಇನ್ನೊಂದರ ಮೇಲೆ ಖಾಲಿ ಪೆಟ್ಟಿಗೆಗಳು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೂ ಯಾರೂ ಕುಳಿತುಕೊಳ್ಳಲಿಲ್ಲ. ಹಿರಿಯರೊಬ್ಬರು ಮೊಣಕಾಲನ್ನು ಒತ್ತಿಕೊಳ್ಳುತ್ತ, ಕಪಾಟಿಗೆ ಒರಗಿ ಸೀರೆ ಮಡಚುತ್ತಿದ್ದರು. "ಅಕ್ಕ, ಸ್ವಲ್ಪ ಹೊತ್ತು ಕುಳಿತುಕೊಳ್ಳಬಹುದಲ್ಲ?" ಎಂದು ಕೇಳಿದೆ. "ಧನಿಗಳು ಬೇಡ ಅನ್ನುವುದಿಲ್ಲ ಮಗಳೇ. ಆದರೆ ಒಬ್ಬಳು ಕುಳಿತರೆ ಉಳಿದವರು ಮುಖ ಮುಖ ನೋಡುತ್ತಾರೆ" ಎಂದರು.

ಕೇರಳದಲ್ಲಿ ಈ ಸ್ಟೂಲು ತಾನಾಗಿ ಬಂದದ್ದಲ್ಲ. ಕೋಝಿಕ್ಕೋಡಿನ ಮಿಠಾಯಿ ತೆರುವು ಎಂಬ ಬೀದಿಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಶೌಚಾಲಯವೂ ಇಲ್ಲದಿದ್ದ ಸ್ಥಿತಿಯ ವಿರುದ್ಧ ಪಿ. ವಿಜಿಯವರ ಮುಂದಾಳುತನದಲ್ಲಿ 'ಪೆಣ್‌ಕೂಟ್ಟ್' ಎಂಬ ಹೆಂಗಸರ ಸಂಘಟನೆ ದನಿಯೆತ್ತಿತು. ಕುಳಿತುಕೊಳ್ಳುವ ಹಕ್ಕಿನ ಬೇಡಿಕೆಯೂ ಅದೇ ಹೋರಾಟದಿಂದ ಬೆಳೆಯಿತು. ವರ್ಷಗಳ ಒತ್ತಾಯದ ಬಳಿಕ 2018ರಲ್ಲಿ ಸರಕಾರವು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಕೂಡ ಇಂಥದೇ ಕಾನೂನು ಮಾಡಿತು. ಇಷ್ಟು ದೊಡ್ಡ ವಿಷಯ ನಮ್ಮ ಪಠ್ಯದಲ್ಲಿ ಒಂದು ಸಾಲಾಗಿಯೂ ಇಲ್ಲದಿರುವುದು ನನಗೆ ಬೇಸರ ತಂದಿದೆ.

ಪಠ್ಯವನ್ನೇ ನಂಬಿದರೆ ಸ್ಟೂಲನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಹೇಳುವ ನೈರ್ಮಲ್ಯ ಅಂಶಗಳ ಪಟ್ಟಿಯಲ್ಲಿ ಸೇರಿಸಬೇಕಾಗುತ್ತದೆ: ಇಲ್ಲದಿದ್ದರೆ ಅಸಮಾಧಾನ, ಇದ್ದರೆ ಅದರಿಂದ ಹುರುಪೇನೂ ಹೆಚ್ಚದು. ಆದರೆ 1959ರಲ್ಲಿ ಪ್ರಕಟವಾದ ಆ ಸಿದ್ಧಾಂತವು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಇಂಜಿನಿಯರರು ಮತ್ತು ಲೆಕ್ಕಿಗರ ಸಂದರ್ಶನಗಳಿಂದ ಹುಟ್ಟಿದ್ದು. ಕುರ್ಚಿಯಿಲ್ಲದ ಕೆಲಸ ಹೇಗಿರುತ್ತದೆಂಬುದು ಅವರಿಗೆ ಬಹುಶಃ ಪ್ರಶ್ನೆಯೇ ಆಗಿರಲಿಲ್ಲ. ಇಡೀ ದಿನ ನಿಂತವಳ ಕಾಲುನೋವನ್ನು ಹುರುಪಿನ ಲೆಕ್ಕದಲ್ಲಿ ಅಳೆಯುವುದೇ ತಪ್ಪೆಂದು ನಾನು ತಿಳಿಯುತ್ತೇನೆ. ಅದರಿಂದ ಮಾರಾಟ ಹೆಚ್ಚಲಿ ಬಿಡಲಿ, ಆಕೆಗೆ ಕುಳಿತುಕೊಳ್ಳಲು ಅವಕಾಶವಿರಬೇಕು. ವ್ಯಾಪಾರದಲ್ಲಿ ಸರಿ-ತಪ್ಪುಗಳನ್ನು ವಿಚಾರಿಸುವ ವ್ಯವಹಾರ ನೀತಿಯ ಪಾಠವನ್ನು ಪಠ್ಯದ ಕೊನೆಯ ಘಟಕಕ್ಕೆ ತಳ್ಳಿ, ಪರೀಕ್ಷೆಯ ಹೊತ್ತಿಗೆ ಅವಸರದಲ್ಲಿ ಓದಿಸುವ ಕ್ರಮ ಬದಲಾಗಬೇಕೆಂದು ನನಗೆ ಬಲವಾಗಿ ಅನ್ನಿಸುವುದು ಇದಕ್ಕಾಗಿಯೇ.

ತಪಾಸಣೆಗೆ ಬಂದ ಅಧಿಕಾರಿಗೆ ಸ್ಟೂಲು ಕಾಣಿಸುತ್ತದೆ, ಕಾನೂನು ಪಾಲನೆಯಾದಂತೆಯೂ ಆಗುತ್ತದೆ. ಮುಖ ಮುಖ ನೋಡುವ ಕಣ್ಣುಗಳನ್ನು ಯಾವ ರಿಜಿಸ್ಟರಿನಲ್ಲಿಯೂ ದಾಖಲಿಸುವಂತಿಲ್ಲ. ಧನಿಗಳು ಬೇಡ ಅನ್ನದಿರುವುದಷ್ಟೇ ಇಲ್ಲಿ ಸಾಲದು. ಸೀರೆಗಳನ್ನಿಡಲು ಬೇರೆ ಜಾಗ ಮಾಡಿಕೊಟ್ಟು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರೇ ಎಲ್ಲರೆದುರು ಹಿರಿಯ ಕೆಲಸದವರನ್ನು ಕುಳಿತುಕೊಳ್ಳಿ ಎನ್ನಬೇಕು. ಹಿರಿಯರು ಕುಳಿತರೆ ಕಿರಿಯರ ಸಂಕೋಚ ಕಡಿಮೆಯಾದೀತು. ನನ್ನ ಪ್ರಶ್ನಾವಳಿಯಲ್ಲಿ "ಆಸನ ವ್ಯವಸ್ಥೆ ಇದೆಯೇ?" ಎಂಬ ಪ್ರಶ್ನೆಯಿದೆ. ಅದನ್ನು ತೆಗೆದು, "ಇಂದು ಯಾವಾಗ ಕುಳಿತುಕೊಂಡಿರಿ, ಆಗ ಯಾರಾದರೂ ಏನಾದರೂ ಅಂದರೇ?" ಎಂದು ಕೇಳಲು ನಾಳೆ ಟೀಚರರ ಒಪ್ಪಿಗೆ ಪಡೆಯಬೇಕು.