ಯಾವ ಪೆಲೆಟ್ ತಗೊಳ್ಳಬೇಕು?

ಪುಣೆಯಲ್ಲಿ ಮಕ್ಕಳನ್ನು ಏರ್ ರೈಫಲ್ ತರಬೇತಿಗೆ ಸೇರಿಸಿದ ಕನ್ನಡದ ಅಪ್ಪ ಅಮ್ಮಂದಿರು ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾರೆ: "ಅಕ್ಕಾ, ಯಾವ ಕಂಪನಿ ಪೆಲೆಟ್ ಒಳ್ಳೇದು?"

ಪೆಲೆಟ್ ಅಂದರೆ ಏರ್ ರೈಫಲ್ಲಿಗೆ ಹಾಕುವ ಸೀಸದ ಪುಟ್ಟ ಗುಂಡು. ಕಂಪನಿಯನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ರೈಫಲ್ಲನ್ನೇ ಕೇಳಿ.

10 ಮೀಟರ್ ದೂರದ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಪೆಲೆಟ್ಟೇ 4.5 ಮಿ.ಮೀ. ಇದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ನಮ್ಮ ಶೂಟರ್ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದಾಗ, 10.0 ಬಿದ್ದರೂ ಹತ್ತೇ, 10.9 ಬಿದ್ದರೂ ಹತ್ತೇ. ಈಗ ಅರ್ಹತಾ ಸುತ್ತಿಗೂ ದಶಾಂಶದ ಲೆಕ್ಕ. ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9, 60 ಹೊಡೆತಕ್ಕೆ ಗರಿಷ್ಠ 654. ಹಾಗಾಗಿ ಪೆಲೆಟ್ ಒಂದಿಷ್ಟು ಅತ್ತಿತ್ತ ಹೋದರೂ ಅಂಕ ಹೋಯಿತು.

ಡಬ್ಬಿಯ ಮೇಲೆ 4.49, 4.50 ಅಂತ ಪೆಲೆಟ್ ತಲೆಯ ಅಳತೆ ಮಿ.ಮೀ.ನಲ್ಲಿ ಬರೆದಿರುತ್ತದೆ. ಅದೊಂದೇ ಸಾಲದು. ಅದೇ ಕಂಪನಿ, ಅದೇ ಅಳತೆ, ಆದರೆ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬೇರೆಯಾದರೆ ಫಲಿತಾಂಶವೂ ಬೇರೆ. ಬ್ಯಾರೆಲ್ಲಿಗೂ ಮಕ್ಕಳ ಹಾಗೆ ಒಂದು ಸೇರುತ್ತದೆ, ಒಂದು ಸೇರುವುದಿಲ್ಲ. ರೈಫಲ್ಲನ್ನು ಅಲುಗಾಡದಂತೆ ಹಿಡಿಯುವ ವೈಸಿನಲ್ಲಿ ಬಿಗಿದು, ಪ್ರತಿ ಲಾಟಿನಿಂದ ಹತ್ತು ಹತ್ತು ಹೊಡೆದು ನೋಡಿ. ಯಾವುದರಲ್ಲಿ ತೂತುಗಳು ಒಂದರ ಮೇಲೊಂದು ಬೀಳುತ್ತವೋ ಅದೇ ಲಾಟಿನ ಡಬ್ಬಿಗಳನ್ನು ಇಡೀ ಸೀಸನ್ನಿಗೆ ಆಗುವಷ್ಟು ಒಟ್ಟಿಗೆ ತಗೊಳ್ಳಿ. ಕೈಯಲ್ಲಿ ಹಿಡಿದು ಹೊಡೆದರೆ ಪರೀಕ್ಷೆ ಆಗುವುದು ಪೆಲೆಟ್ಟಿನದಲ್ಲ, ನಿಮ್ಮದು.

ಮೊದಲ ವರ್ಷದ ಮಕ್ಕಳಿಗೆ ಇದೆಲ್ಲ ಬೇಕಾಗಿಲ್ಲ. ಎಂಟು ಒಂಬತ್ತು ಅಂಕಗಳಲ್ಲಿ ಓಡಾಡುವ ಮಗುವಿಗೆ ದುಬಾರಿ ಲಾಟ್ ಸುಮ್ನೆ ದಂಡ. ಚಪ್ಪಟೆ ತಲೆಯ ಸಾಧಾರಣ ಮ್ಯಾಚ್ (ಸ್ಪರ್ಧೆಯ) ಪೆಲೆಟ್ ಸಾಕು, ಕಾಗದದಲ್ಲಿ ತೂತು ಗುಂಡಗೆ ನೀಟಾಗಿ ಬೀಳುತ್ತದೆ. ಚೂಪು ತಲೆಯದು ಬೇಡ. ಉಳಿದ ದುಡ್ಡು ಮೈಗೆ ಸರಿಹೊಂದುವ ಜಾಕೆಟ್ಟಿಗೆ ಹೋಗಲಿ.

ವಿದೇಶದ ವೀಡಿಯೋ ನೋಡಿ "ಮನೆಯಲ್ಲೇ ಸೀಸ ಕರಗಿಸಿ ಮಾಡ್ಕೋಬಹುದಲ್ವಾ?" ಅನ್ನುವವರೂ ಇದ್ದಾರೆ. ಖಂಡಿತ ಬೇಡ. ಅಲ್ಲಿ ತೋರಿಸುವುದು ಬಂದೂಕಿನ ತೋಟಾ ಮಾಡುವುದನ್ನು. ನಮ್ಮಲ್ಲಿ ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇರಲೇಬೇಕು. ಮ್ಯಾಚ್ ಪೆಲೆಟ್ಟಂತೂ ಎರಕ ಹೊಯ್ದು ಮಾಡುವುದೇ ಅಲ್ಲ. ಸೀಸದ ತಂತಿಯನ್ನು ತುಂಡರಿಸಿ, ಯಂತ್ರದ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಮಿಲಿಮೀಟರಿನ ನೂರನೇ ಒಂದು ಭಾಗದ ಅಳತೆ ಅಡುಗೆಮನೆಯಲ್ಲಿ ಬರುತ್ತದೆಯೇ? ಕೋಥ್ರೂಡಿನ ಎರಡು ಕೋಣೆಯ ಫ್ಲಾಟಿನಲ್ಲಿ ಸೀಸ ಕರಗಿಸಿದರೆ ಅದರ ಹೊಗೆ, ಧೂಳು ಸೇರುವುದು ಮನೆಯವರ ಮೈಗೇ.

ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆಗೆದಿಡಬೇಡಿ. ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಅಂಥ ಪೆಲೆಟ್ ಬ್ಯಾರೆಲ್ಲಿಗೆ ಹಾಕಬೇಡಿ. ಇನ್ನು ಪೆಲೆಟ್ ಮುಟ್ಟಿದ ಕೈಯಲ್ಲೇ ವಡಾಪಾವ್ ತಿನ್ನುವ ಹುಡುಗರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸೋಪು ಹಾಕಿ ತೊಳೆದುಕೊಂಡು ಬರಲಿ, ಆಮೇಲೆ ಎರಡು ಬೇಕಾದರೂ ತಿನ್ನಲಿ.