ಸಾಗವಾನಿಯಲ್ಲಿ ಒಂದು ತಿರುಗುವ ಊರು

ವಿಜ್ಞಾನ ಕಥೆಗಳಲ್ಲಿ ಬರುವ ಬಾಹ್ಯಾಕಾಶ ನೌಕೆಗಳ ಪೈಕಿ ನನಗೆ ಅತಿ ಪ್ರಿಯವಾದವು ಬೆಂಕಿಯುಗುಳುತ್ತ ನುಗ್ಗುವ ಯುದ್ಧನೌಕೆಗಳಲ್ಲ. ತಿರುಗುತ್ತ ತಿರುಗುತ್ತಲೇ ಒಳಗಿನ ಜನರಿಗೆ ತೂಕ ಕೊಡುವ ಉಂಗುರಾಕಾರದ ನೌಕೆಗಳು. ಅಂಥ ವರ್ಣನೆ ಬಂದ ಕೂಡಲೇ ಪುಸ್ತಕ ಬದಿಗಿಟ್ಟು, ಉಂಗುರ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೆಂದು ಲೆಕ್ಕ ಹಾಕುವುದು ನನ್ನ ರೂಢಿ. 10 ಮೀಟರ್ ತ್ರಿಜ್ಯದ ಉಂಗುರ ಭೂಮಿಯಷ್ಟೇ ತೂಕ ಕೊಡಬೇಕಾದರೆ ನಿಮಿಷಕ್ಕೆ ಸುಮಾರು ಒಂಬತ್ತೂವರೆ ಸುತ್ತು ಬೇಕು. ಆ ವೇಗದಲ್ಲಿ ತಲೆ ಹೊರಳಿಸಿದರೆ ಒಳಕಿವಿ ಗಲಿಬಿಲಿಗೊಂಡು ವಾಕರಿಕೆ ಬರುತ್ತದೆ. ಉಂಗುರ ದೊಡ್ಡದಾದಷ್ಟೂ ನಿಧಾನವಾಗಿ ತಿರುಗಿದರೆ ಸಾಕು, ಆದ್ದರಿಂದ ಇಂಥ ನೌಕೆ ದೊಡ್ಡದಾಗಿಯೇ ಇರಬೇಕು.

ಎಷ್ಟು ದೊಡ್ಡದು ಎಂಬುದಕ್ಕೆ ನನಗೆ ಅತ್ಯಂತ ತೃಪ್ತಿ ಕೊಟ್ಟ ಉತ್ತರ ಕಥೆಯದಲ್ಲ, 1975ರಲ್ಲಿ ನಾಸಾದ ಏಮ್ಸ್ ಕೇಂದ್ರ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೂಡಿ ನಡೆಸಿದ ಅಧ್ಯಯನದ್ದು. 10,000 ಜನ ವಾಸಿಸುವ, ಸುಮಾರು 1.8 ಕಿಲೋಮೀಟರ್ ವ್ಯಾಸದ, ನಿಮಿಷಕ್ಕೆ ಒಂದೇ ಸುತ್ತು ತಿರುಗುವ ಊರೊಂದನ್ನು ಅವರು ಕಾಗದದ ಮೇಲೆ ಕಟ್ಟಿದ್ದರು. ಅದನ್ನೇ ನಾನು 4,000 ಪಟ್ಟು ಕುಗ್ಗಿಸಿ, ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ 45 ಸೆಂಟಿಮೀಟರ್ ಅಗಲದ ಸಾಗವಾನಿಯ ಉಂಗುರವಾಗಿ ಮಾಡಿದ್ದೇನೆ.

ಉಂಗುರವನ್ನು ಒಂದೇ ಹಲಗೆಯಿಂದ ಕೊರೆದು ತೆಗೆಯಬಾರದು. ಹಾಗೆ ಮಾಡಿದರೆ ಎರಡು ಕಡೆ ಮರದ ಎಳೆ ಅಡ್ಡ ಬಿದ್ದು, ಅಲ್ಲಿಯೇ ಮುರಿಯುತ್ತದೆ. ಅದಕ್ಕಾಗಿ 12 ತುಂಡುಗಳನ್ನು, ಪ್ರತಿ ತುದಿಯಲ್ಲಿ 15 ಡಿಗ್ರಿ ಓರೆಯಾಗಿ ಕೊಯ್ದು ಜೋಡಿಸಬೇಕು. ಒಂದೊಂದು ಕೊಯ್ತದಲ್ಲಿ ಅರ್ಧ ಡಿಗ್ರಿ ಏರುಪೇರಾದರೂ 24 ತುದಿಗಳು ಸೇರಿ 12 ಡಿಗ್ರಿಯಾಗುತ್ತದೆ, ಉಂಗುರ ಕೂಡುವುದೇ ಇಲ್ಲ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಮೊದಲು ಆರಾರು ತುಂಡುಗಳ ಎರಡು ಅರ್ಧವೃತ್ತಗಳನ್ನು ಅಂಟಿಸಿ, ಅವುಗಳ ತುದಿಗಳನ್ನು ಒಟ್ಟಿಗೆ ತೋಪಡಾ (ಕೀಸುಳಿ) ಹೊಡೆದು ಸಮ ಮಾಡಿ, ಬಳಿಕ ಕೂಡಿಸುವುದು. ಮರವೂ ಚೆನ್ನಾಗಿ ಒಣಗಿರಬೇಕು. ಹಸಿ ಮರವಾದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಬೆಸೆದಲ್ಲೆಲ್ಲ ಬಾಯಿ ಬಿಡುತ್ತದೆ. ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ ಬಾಗಿಲ ಚೌಕಟ್ಟಿನ ಸಾಗವಾನಿಗೆ ಈ ಕೆಲಸದಲ್ಲಿ ಸಾಟಿಯಿಲ್ಲ.

ನಡುವೆ ಗುಂಬ, ಅದರಿಂದ ಹೊರಡುವ ಆರು ಅರಗಳು, ಸುತ್ತಲೂ ತುಂಡು ತುಂಡಾಗಿ ಕೂಡಿಸಿದ ಬಳೆ: ಇದು ನಮ್ಮ ಬಡಿಗೇರರು ಜಾಲಿ ಮರದಲ್ಲಿ ಮಾಡುತ್ತಿದ್ದ ಎತ್ತಿನ ಬಂಡಿಯ ಗಾಲಿಯೇ ಎಂದು ನೋಡಿದವರೆಲ್ಲ ಹೇಳುತ್ತಾರೆ. ರೂಪದಲ್ಲಿ ಹೌದು. ಆದರೆ ಬಲದ ದಿಕ್ಕು ಪೂರಾ ತಿರುವುಮುರುವು. ಬಂಡಿಯ ಭಾರ ಗುಂಬದಿಂದ ಕೆಳಗಿಳಿದು ನೆಲದತ್ತ ಚಾಚಿದ ಅರಗಳನ್ನು ಒತ್ತುತ್ತದೆ. ಕಾಸಿ ತೊಡಿಸಿದ ಕಬ್ಬಿಣದ ಪಟ್ಟಿ ತಣಿದು ಕುಗ್ಗಿ ಇಡೀ ಗಾಲಿಯನ್ನು ಒಳಕ್ಕೆ ಬಿಗಿಯುತ್ತದೆ. ತಿರುಗುವ ಊರಿನಲ್ಲಿ ಮಣ್ಣು, ಮನೆ, ಮನುಷ್ಯರು ಎಲ್ಲವೂ ಹೊರಕ್ಕೆ ಜಗ್ಗುವುದರಿಂದ ಅಲ್ಲಿ ಬಳೆ ಹರಿಯದಂತೆ ತಡೆಯುವುದೇ ಎಂಜಿನಿಯರನ ಮುಖ್ಯ ಚಿಂತೆ. ಓದಿದಾಗ ಇದು ನನಗೆ ಸೂತ್ರವಾಗಿ ತಿಳಿದಿತ್ತು. ಉಂಗುರವನ್ನು ಕೈಯಲ್ಲಿ ಹಿಡಿದು ಪ್ರತಿಯೊಂದು ಬೆಸುಗೆಯನ್ನು ಜಗ್ಗಿ ನೋಡಿದಾಗಲೇ ಮನದಟ್ಟಾಯಿತು. ಓದು ಮತ್ತು ಮರಗೆಲಸ ನನಗೆ ಬೇರೆ ಬೇರೆ ಹವ್ಯಾಸಗಳೆನಿಸದಿರುವುದು ಇದೇ ಕಾರಣಕ್ಕೆ.

ಬಾಹ್ಯಾಕಾಶಕ್ಕೂ ಮರಕ್ಕೂ ಎಲ್ಲಿಯ ಸಂಬಂಧ ಎನ್ನುವವರಿಗೆ ನಾನು ಜಪಾನಿನ ಲಿಗ್ನೋಸ್ಯಾಟ್ ಉಪಗ್ರಹದ ವಿಷಯ ಹೇಳುತ್ತೇನೆ. ಕ್ಯೋಟೊ ವಿಶ್ವವಿದ್ಯಾಲಯವೂ ಸುಮಿಟೊಮೊ ಫಾರೆಸ್ಟ್ರಿ ಸಂಸ್ಥೆಯೂ ಕೂಡಿ ಮ್ಯಾಗ್ನೋಲಿಯಾ ಜಾತಿಯ ಮರದಿಂದ ಮಾಡಿದ, ಬದಿಗೆ 10 ಸೆಂಟಿಮೀಟರ್ ಇರುವ ಈ ಪೆಟ್ಟಿಗೆ 2024ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಗಾಳಿ, ನೀರು ಇಲ್ಲದ ಕಡೆ ಮರ ಕೊಳೆಯುವುದೂ ಇಲ್ಲ, ಉರಿಯುವುದೂ ಇಲ್ಲ. ಅದರ ಹಲಗೆಗಳನ್ನು ಮೊಳೆ, ಸ್ಕ್ರೂ, ಅಂಟು ಯಾವುದೂ ಇಲ್ಲದೆ, ಹೊರಗೆ ಕಾಣದ ಡವ್‌ಟೇಲ್ (ಪಾರಿವಾಳದ ಬಾಲದಂತೆ ತುದಿ ಅಗಲವಾದ) ಕಚ್ಚುಗಳಿಂದ ಕೂಡಿಸಿದ್ದಾರೆ. ಈಗ ನಾನು ಅದೇ ಅಳತೆಯ ಪೆಟ್ಟಿಗೆಗೆ ಕೈ ಹಾಕಿದ್ದೇನೆ. ಕಚ್ಚುಗಳು ಒಳಗೇ ಅಡಗಿರಬೇಕಾದ್ದರಿಂದ ಗರಗಸ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ, ಉಳಿದದ್ದನ್ನು ಕಿರಿದಾದ ಉಳಿಯಿಂದಲೇ ಬಿಡಿಸಬೇಕು. ಮೊದಲ ಎರಡು ಹಲಗೆಗಳು ಸಿದ್ಧವಾಗಿವೆ.